ಬಿಸಿಲು ಪುಕ್ಕಟೆ, ಪ್ಯಾನೆಲ್ ಅಲ್ಲ: ಕಲಬುರಗಿ ಮಾಳಿಗೆ ಮೇಲಿನ ಸೋಲಾರ್ ಲೆಕ್ಕ

(ಕಲಬುರಗಿಯ ಸೇಡಂ ರಸ್ತೆ ಕಡೆಯ ಒಂದು ಬಡಾವಣೆಯ ನಿವಾಸಿಗಳ ಸಭೆಯಲ್ಲಿ ಆಡಿದ ಮಾತುಗಳಿವು. ನಡುನಡುವೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ನಾನು ಸೋಲಾರ್ ಮಾರುವವನಲ್ಲ. ಯಾವ ಕಂಪನಿಯ ಕಾರ್ಡೂ ನನ್ನ ಜೇಬಿನಲ್ಲಿಲ್ಲ. ಹಾಗಾಗಿ ಹಾಕಿಸಿ ಅಂತ ಹೇಳಿದರೂ ನನಗೆ ಲಾಭ ಇಲ್ಲ, ಬೇಡ ಅಂದರೂ ನಷ್ಟ ಇಲ್ಲ.

ಬಿಸಿಲಿನ ವಿಷಯ ಬೇಗ ಮುಗಿಸೋಣ. ಅದಕ್ಕೆ ನಮ್ಮಲ್ಲಿ ಬರ ಬಂದದ್ದೇ ಇಲ್ಲ. ಮಳೆಗಾಲದ ಮೋಡ ಎಲ್ಲಾ ಸೇರಿಸಿ ವರ್ಷದ ಸರಾಸರಿ ಹಿಡಿದರೆ, ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕರೆಂಟ್ ಕೊಡುತ್ತದೆ. ಕಲಬುರಗಿಯಲ್ಲೂ ಅಷ್ಟೇ, ಬೀದರ್, ಯಾದಗಿರಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ 'ನಮ್ಮೂರಲ್ಲಿ ಸೋಲಾರ್ ನಡೆಯುತ್ತಾ' ಅಂತ ಯಾರೂ ಕೇಳಬೇಕಾಗಿಲ್ಲ. ಕೇಳಬೇಕಾದ್ದು ಬೇರೆ. ನಿಮ್ಮ ಕರೆಂಟ್ ಬಿಲ್ ಎಷ್ಟು ಬರುತ್ತೆ? ಸೋಲಾರ್ ನಿಮಗೆ ದುಡ್ಡು ತಂದುಕೊಡುವುದಿಲ್ಲ, ನೀವು ಕಟ್ಟುತ್ತಿರುವ ದುಡ್ಡನ್ನು ಉಳಿಸುತ್ತದೆ ಅಷ್ಟೇ. ಏನೂ ಕಟ್ಟದವರು ಉಳಿಸೋದೇನು?

ಇಷ್ಟು ಹೇಳುವಷ್ಟರಲ್ಲೇ ಮುಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದರು. "ಸರ, ನಮ್ ಮನ್ಯಾಗ ಬಿಲ್ಲೇ ಬರಲ್ಲ. ಗೃಹಜ್ಯೋತಿ ಅದ. ಆದ್ರೂ ಆ ಸೋಲಾರ್ ಕಂಪನಿ ಹುಡುಗ ದಿನಾ ಫೋನ್ ಮಾಡ್ತಾನ, ಸಬ್ಸಿಡಿ ಅದ ಹಾಕಿಸ್ರಿ ಅಂತಾನ. ಹಾಕಿಸ್ಬೇಕೇನ್ರಿ?"

ಬೇಡ್ರಿ. ಅವರಿಗೆ ನಾನು ಹೇಳಿದ್ದು ಅಷ್ಟೇ. ಈ ಒಂದು ಉತ್ತರಕ್ಕೇ ಸಭೆಯ ಅರ್ಧ ಜನ ಎದ್ದು ಹೋಗಬಹುದಿತ್ತು, ಪುಣ್ಯಕ್ಕೆ ಚಹಾ ಇನ್ನೂ ಬಂದಿರಲಿಲ್ಲ.

ಗೃಹಜ್ಯೋತಿಗೆ ಚಾಲನೆ ಸಿಕ್ಕಿದ್ದೇ ನಮ್ಮೂರಲ್ಲಿ, 2023ರ ಆಗಸ್ಟ್ 5ರಂದು. ಅದರ ಲೆಕ್ಕ ನಿಮಗೆಲ್ಲ ಗೊತ್ತು, ಆದರೂ ಸೋಲಾರ್ ಪಕ್ಕ ಇಟ್ಟು ಇನ್ನೊಮ್ಮೆ ನೋಡೋಣ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಸುಟ್ಟಿತ್ತೋ, ಅದಕ್ಕೆ ಶೇಕಡಾ 10 ಸೇರಿಸಿ ನಿಮ್ಮ ಉಚಿತ ಮಿತಿ ಅಂತ ನಿಗದಿ ಮಾಡಿದರು. ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸುವ ಹಾಗೆ ಬದಲಾಯಿಸಿದರು. ಮಿತಿಯ ಒಳಗಿದ್ದರೆ ಸೊನ್ನೆ ಬಿಲ್. ಮಿತಿ ದಾಟಿ 200ರ ಒಳಗಿದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ.

ಸೊನ್ನೆ ಬಿಲ್ಲಿನ ಮನೆಯವರು ಒಂದು ಲಕ್ಷದ ಮೇಲೆ ಸುರಿದು ಪ್ಯಾನೆಲ್ ಹಾಕಿಸಿದರೆ ಆ ಸೊನ್ನೆ ಇನ್ನೂ ಕಡಿಮೆ ಆಗೋದಿಲ್ಲವಲ್ಲ. ಉಳಿದ ಕರೆಂಟನ್ನು ನಮಗೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂಗೆ ಮಾರಬಹುದು ಅಂತ ಹೇಳುತ್ತಾರೆ. ಮಾರಬಹುದು, ನಿಜ. ಆದರೆ ಅವರು ಕೊಳ್ಳುವ ದರ ನಮಗೆ ಮಾರುವ ದರದ ಹತ್ತಿರವೂ ಇಲ್ಲ, ಸಬ್ಸಿಡಿ ತೆಗೆದುಕೊಂಡಿದ್ದರೆ ಇನ್ನೂ ಕಡಿಮೆ. ಆ ಚಿಲ್ಲರೆಯಿಂದ ಹಾಕಿದ ಬಂಡವಾಳ ವಾಪಸ್ ಬರೋದು ಮೊಮ್ಮಕ್ಕಳ ಕಾಲಕ್ಕೆ.

ಮನೆ ಒಂದೇ, ಮೀಟರ್ ಮೂರು ಇರುವವರೂ ಇಲ್ಲಿ ಬಹಳ ಜನ ಇದ್ದೀರಿ. ಕೆಳಗೆ ನೀವು, ಮೇಲೆ ಇಬ್ಬರು ಬಾಡಿಗೆದಾರರು. ಮೂವರದ್ದೂ ಬೇರೆ ಬೇರೆ ಆರ್‌ಆರ್ ನಂಬರ್, ಮೂರಕ್ಕೂ ಸೊನ್ನೆ ಬಿಲ್. ಮಾಳಿಗೆ ದೊಡ್ಡದಿದೆ ಅಂದಮಾತ್ರಕ್ಕೆ ಸೋಲಾರ್ ಹಾಕಿಸಬೇಕು ಅಂತೇನಿಲ್ಲ. ಮಾಮೂಲಿಯಾಗಿ ಪ್ಯಾನೆಲ್ ಒಂದೇ ಮೀಟರಿಗೆ ಜೋಡಣೆ ಆಗುತ್ತೆ, ಬಾಡಿಗೆದಾರರ ಬಿಲ್ಲಿಗೂ ಅದಕ್ಕೂ ಸಂಬಂಧ ಇರಲ್ಲ.

ಇನ್ನೊಂದು ಗುಂಪಿದೆ, ನನ್ನ ಪ್ರಕಾರ ಅವರದ್ದೇ ಹೆಚ್ಚು ಕುತೂಹಲದ ಲೆಕ್ಕ. 200ರ ಗೆರೆಯನ್ನು ಸ್ವಲ್ಪದರಲ್ಲೇ ದಾಟುವವರು. ಚಳಿಗಾಲದಲ್ಲಿ 150, ಬ್ಯಾಸಿಗೆ ಬಂತು ಅಂದರೆ 220, 240. ನಿಮ್ಮ ಮೀಟರಿಗೆ 3 ಕಿಲೋವಾಟ್ ಲೋಡ್, ಅಂದರೆ ಮಂಜೂರಾದ ಸಾಮರ್ಥ್ಯ, ಇದೆ ಅಂದುಕೊಳ್ಳಿ. 2025-26ರ ದರದಲ್ಲಿ ಲೆಕ್ಕ ಹಾಕಿದರೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಪಿಂಚಣಿ, ಗ್ರ್ಯಾಚುಯಿಟಿಗೆ ಅಂತ 36 ಪೈಸೆ. ಆಮೇಲೆ ಶೇಕಡಾ 9 ತೆರಿಗೆ. ಎಲ್ಲಾ ಕೂಡಿ ಒಂದು ಯೂನಿಟ್ ಸುಮಾರು 6 ರೂಪಾಯಿ 70 ಪೈಸೆಗೆ ಬೀಳುತ್ತೆ. ಜೊತೆಗೆ ಕಿಲೋವಾಟ್‌ಗೆ 145ರಂತೆ ನಿಗದಿತ ಶುಲ್ಕ 435. 210 ಯೂನಿಟ್ ಸುಟ್ಟರೆ ಬಿಲ್ ಹತ್ತಿರ ಹತ್ತಿರ 1,840 ರೂಪಾಯಿ. ಗೆರೆ ದಾಟಿದ್ದು ಹತ್ತೇ ಯೂನಿಟ್!

ಇವರಿಗೆ ಸೋಲಾರ್ ಮಾರುವುದು ಬಹಳ ಸುಲಭ, ಯಾಕೆಂದರೆ ಆ ಬಿಲ್ ನೋಡಿದಾಗ ಹೊಟ್ಟೆ ಉರಿದಿರುತ್ತೆ. ನಾನು ಹೇಳೋದು ಏನೆಂದರೆ, ಮಾಳಿಗೆ ಹತ್ತುವ ಮುಂಚೆ ಒಮ್ಮೆ ಮನೆಯ ಛತ್ತು ನೋಡಿ. ಅಲ್ಲಿ ತಿರುಗುತ್ತಿರುವ ಹಳೇ ಫ್ಯಾನ್ 75 ವಾಟ್ ತಿನ್ನುತ್ತದೆ. ಈಗ ಬಿಎಲ್‌ಡಿಸಿ ಅಂತ ಬರುವ ಫ್ಯಾನ್ ಪೂರ್ತಿ ಜೋರಲ್ಲಿ ತಿರುಗಿದರೂ 30 ವಾಟ್ ಆಸುಪಾಸು. ನಮ್ಮೂರಲ್ಲಿ ಫ್ಯಾನ್ ದಿನಕ್ಕೆ 16 ತಾಸು ತಿರುಗೋದು ಏನೂ ದೊಡ್ಡ ಮಾತಲ್ಲ. ಒಂದು ಫ್ಯಾನ್ ಬದಲಾಯಿಸಿದರೆ ತಿಂಗಳಿಗೆ 21 ಯೂನಿಟ್ ಉಳಿತಾಯ. ಮೂರು ಬದಲಾಯಿಸಿದರೆ 60ರ ಮೇಲೆ. ಖರ್ಚು ಒಂಬತ್ತು, ಹತ್ತು ಸಾವಿರ. 240 ಇದ್ದದ್ದು 180ಕ್ಕೆ ಇಳಿಯಿತು, 200ರ ಗೆರೆಯ ಒಳಗೆ ಬಂದಿರಿ. 1.2 ಲಕ್ಷದ ಸೋಲಾರ್ ಮಾಡುವ ಕೆಲಸವನ್ನು ಹತ್ತು ಸಾವಿರದ ಫ್ಯಾನ್ ಮಾಡಿತು. ಇದನ್ನು ಯಾವ ಸೋಲಾರ್ ಅಂಗಡಿಯವನೂ ಹೇಳಲ್ಲ, ಹೇಳಬೇಕು ಅಂತ ನಾವು ಬಯಸೋದೂ ತಪ್ಪು.

ಹಾಗಾದರೆ ಸೋಲಾರ್ ಯಾರಿಗೆ? ವರ್ಷದ ಹನ್ನೆರಡು ತಿಂಗಳ ಸರಾಸರಿ 250, 300, 400 ಬರುವ ಮನೆಗಳಿಗೆ. ಎರಡು ಏಸಿ, ಫ್ರಿಜ್, ಬೋರ್‌ವೆಲ್ ಮೋಟರ್, ಮನೆ ತುಂಬಾ ಜನ. ಗೃಹಜ್ಯೋತಿಯ ಹಂಗು ಮೊದಲಿಂದಲೂ ಇಲ್ಲದವರು. ಇವರಿಗೆ ಸೋಲಾರ್ ಖಂಡಿತ ಲಾಭ, ಅದರಲ್ಲಿ ಅನುಮಾನ ಬೇಡ. ಆದರೆ ಎಷ್ಟು ಕಿಲೋವಾಟ್ ಅನ್ನೋದರಲ್ಲಿ ಬಹಳ ಜನ ಎಡವುತ್ತಾರೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮನೆ ಮಾಳಿಗೆ ಸೋಲಾರ್‌ಗೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. ಮೊದಲ ಎರಡು ಕಿಲೋವಾಟ್‌ಗೆ ತಲಾ 30,000 ಸಬ್ಸಿಡಿ. ಮೂರನೆಯದಕ್ಕೆ 18,000. ಒಟ್ಟು 78,000. ನಾಲ್ಕು ಹಾಕಿಸಿ, ಐದು ಹಾಕಿಸಿ, ಹತ್ತು ಹಾಕಿಸಿ, ಅದೇ 78,000. ಎಲ್ಲರೂ ಇದನ್ನು ಒಟ್ಟಿಗೆ ನೋಡುತ್ತಾರೆ, '5 ಕಿಲೋವಾಟ್‌ಗೆ 3 ಲಕ್ಷ, 78 ಸಾವಿರ ವಾಪಸ್' ಅಂತ. ಒಂದೊಂದು ಕಿಲೋವಾಟನ್ನೂ ಬೇರೆ ಬೇರೆ ಇಟ್ಟು ನೋಡಿ, ಚಿತ್ರವೇ ಬದಲಾಗುತ್ತೆ.

ಕಿಲೋವಾಟ್‌ಗೆ 65,000 ಬೆಲೆ ಹಿಡಿಯೋಣ, ದೊಡ್ಡದು ಹಾಕಿಸಿದಂತೆ ಸ್ವಲ್ಪ ಇಳಿಯುತ್ತೆ, ಇರಲಿ. ದಿನಕ್ಕೆ 4 ಯೂನಿಟ್ ಅಂದರೆ ತಿಂಗಳಿಗೆ 120. ಧೂಳು, ಕರೆಂಟ್ ಹೋದ ಹೊತ್ತು, ಪ್ಯಾನೆಲ್ ಕರೆಂಟನ್ನು ಮನೆ ಕರೆಂಟಾಗಿ ಬದಲಿಸುವ ಇನ್ವರ್ಟರ್‌ನ ತಂಟೆ ಎಲ್ಲಾ ಕಳೆದು 110 ಅಂತ ಇಟ್ಟುಕೊಳ್ಳೋಣ. ಒಂದು ಕಿಲೋವಾಟ್ ವರ್ಷಕ್ಕೆ ಸುಮಾರು 8,800 ರೂಪಾಯಿ ಉಳಿಸುತ್ತೆ, ಅಷ್ಟೂ ನೀವೇ ಬಳಸಿದರೆ. ಮೊದಲ ಕಿಲೋವಾಟ್ ನಿಮಗೆ ಬಿದ್ದದ್ದು 35,000. ನಾಲ್ಕು ವರ್ಷಕ್ಕೆ ಅಸಲು ಬಂತು. ಎರಡನೆಯದೂ ಹಾಗೇ. ಮೂರನೆಯದು 47,000ಕ್ಕೆ ಬಿತ್ತು, ಐದು ವರ್ಷ ದಾಟುತ್ತೆ. ನಾಲ್ಕನೆಯದಕ್ಕೆ ಪೂರ್ತಿ 65,000, ಏಳು ವರ್ಷದ ಮೇಲೆ. ಅದೂ ಆ ನಾಲ್ಕನೆಯದರ ಕರೆಂಟು ಪೂರ್ತಿ ನಿಮ್ಮ ಮನೆಯಲ್ಲೇ ಖರ್ಚಾದರೆ ಮಾತ್ರ. ಬಹಳ ಮನೆಗಳಲ್ಲಿ ಆಗಲ್ಲ.

ಯಾಕೆ ಆಗಲ್ಲ? ನಮ್ಮೂರ ಬಿಲ್ಲಿನ ಸ್ವಭಾವವೇ ಹಾಗೆ. ಬ್ಯಾಸಿಗೆಯಲ್ಲಿ ಕೂಲರ್, ಏಸಿ ಹಗಲುರಾತ್ರಿ ಓಡುತ್ತವೆ, ಮೇ ತಿಂಗಳ ಬಿಲ್ 520 ಯೂನಿಟ್ ಮುಟ್ಟುತ್ತೆ. ಅದೇ ಮನೆ ಜನವರಿಯಲ್ಲಿ 170 ಕೂಡ ಸುಡಲ್ಲ. ವರ್ಷದ ಸರಾಸರಿ 300. ಕೊಟೇಶನ್ ಕೊಡಲು ಬರುವವರು ಕೇಳುವುದು ಮಾತ್ರ 'ಅಣ್ಣಾರ, ಜಾಸ್ತಿ ಬಂದ ಬಿಲ್ ತೋರಿಸ್ರಿ' ಅಂತ. ನೀವೂ ಮೇ ತಿಂಗಳದ್ದೇ ತೋರಿಸುತ್ತೀರಿ. 520ಕ್ಕೆ 5 ಕಿಲೋವಾಟ್ ಬೇಕು ಅಂತ ಅವರು ಬರೆದುಕೊಳ್ಳುತ್ತಾರೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಆ ಐದು ಕಿಲೋವಾಟ್ ಆಕಾಶ ಸ್ವಚ್ಛ ಇರುವ ದಿನಗಳಲ್ಲಿ ಧಾರಾಳ ಕರೆಂಟ್ ಉತ್ಪಾದಿಸಿ ಅಗ್ಗದ ದರಕ್ಕೆ ಹೊರಗೆ ಕಳಿಸುತ್ತಾ ಕೂರುತ್ತೆ, ನೀವು ಅದಕ್ಕೆ ಕಂತು ಕಟ್ಟುತ್ತಾ ಕೂರುತ್ತೀರಿ.

ಹನ್ನೆರಡು ತಿಂಗಳ ಬಿಲ್ ತೆಗೆಯಿರಿ. ಚಳಿಗಾಲದ ತಿಂಗಳಲ್ಲಿ ಎಷ್ಟು ಸುಡುತ್ತೀರಿ ಅಂತ ನೋಡಿ. 300 ಸರಾಸರಿಯ ಮನೆಗೆ 2 ಕಿಲೋವಾಟ್ ಅಂದರೆ ಬಂಗಾರದಂಥ ಲೆಕ್ಕ. ಮೂರು ಹಾಕಿಸಿದರೂ ತಪ್ಪಿಲ್ಲ, ಮುಂದೆ ಸ್ಕೂಟರ್ ಎಲೆಕ್ಟ್ರಿಕ್ ತಗೋಬೇಕು ಅಂತ ಇದ್ದರೆ ಮೂರೇ ಒಳ್ಳೇದು. ಐದಕ್ಕೆ ಹೋಗಬೇಕಾದರೆ ಬಲವಾದ ಕಾರಣ ಇರಬೇಕು.

"ಏಸಿ ರಾತ್ರಿ ಹಚ್ತೀವ್ರಿ, ಸೂರ್ಯ ಹಗಲು ಇರ್ತಾನ. ಹೆಂಗ ಉಳೀತದ?" ಹಿಂದಿನಿಂದ ಒಬ್ಬ ತಾಯಿ ಕೇಳಿದರು. ಒಳ್ಳೆ ಪ್ರಶ್ನೆ. ಅದಕ್ಕೇ ನೆಟ್ ಮೀಟರ್ ಇರೋದು. ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವು ಇದ್ದಂತೆ ಅದು. ಹಗಲು ಮಿಕ್ಕಿದ್ದು ಜೆಸ್ಕಾಂ ತಂತಿಗೆ ಹೋಗುತ್ತೆ, ರಾತ್ರಿ ಅದೇ ತಂತಿಯಿಂದ ವಾಪಸ್ ತಗೋತೀರಿ. ಹೋದದ್ದು, ಬಂದದ್ದು ಎರಡನ್ನೂ ಮೀಟರ್ ಬರೆದಿಡುತ್ತೆ, ಬಿಲ್ಲಿನಲ್ಲಿ ಒಂದರಿಂದ ಒಂದನ್ನು ಕಳೆದು ಉಳಿದಷ್ಟಕ್ಕೆ ದುಡ್ಡು. ಹೀಗೆ ಕಳೆಯುವಾಗ ನಿಮ್ಮ ಯೂನಿಟ್‌ಗೆ ಪೂರ್ತಿ ಬೆಲೆ ಸಿಗುತ್ತೆ. ನೀವು ತಗೊಂಡದ್ದಕ್ಕಿಂತ ಕಳಿಸಿದ್ದೇ ಜಾಸ್ತಿ ಆದಾಗ, ಆ ಜಾಸ್ತಿಗೆ ಮಾತ್ರ ಅಗ್ಗದ ದರ.

'ಸೊನ್ನೆ ಬಿಲ್ ಗ್ಯಾರಂಟಿ' ಅನ್ನುವ ಪಾಂಪ್ಲೆಟ್ ಮನೆಗೆ ಬಂದಿರಬಹುದು. ನಿಗದಿತ ಶುಲ್ಕ ಎಲ್ಲಿಗೂ ಹೋಗಲ್ಲ. 3 ಕಿಲೋವಾಟ್ ಲೋಡ್ ಇದ್ದರೆ, 2025-26ರ ದರದಲ್ಲಿ ತಿಂಗಳಿಗೆ 435 ಬರುತ್ತಲೇ ಇರುತ್ತೆ, ನೀವು ಒಂದು ಯೂನಿಟ್ ತಗೊಳ್ಳದಿದ್ದರೂ. 5 ಕಿಲೋವಾಟ್ ಪ್ಯಾನೆಲ್‌ಗೋಸ್ಕರ ಲೋಡ್ ಏರಿಸಬೇಕಾಗಿ ಬಂದರೆ ಆ ಶುಲ್ಕವೂ ಏರುತ್ತೆ. ನನಗೆ ಇದಕ್ಕಿಂತ ಯೋಚನೆ ಆಗೋದು ದರ ಹೋಗುತ್ತಿರುವ ದಿಕ್ಕು. 2024-25ರಲ್ಲಿ ಯೂನಿಟ್ ದರ 5.90, ನಿಗದಿತ ಶುಲ್ಕ ಕಿಲೋವಾಟ್‌ಗೆ 120 ಇತ್ತು. ಮರುವರ್ಷ ಯೂನಿಟ್ ದರ 10 ಪೈಸೆ ಇಳಿಯಿತು, ನಿಗದಿತ ಶುಲ್ಕ 25 ರೂಪಾಯಿ ಏರಿತು. ಸೋಲಾರ್ ಉಳಿಸೋದು ಯೂನಿಟ್ ದರವನ್ನು, ನಿಗದಿತ ಶುಲ್ಕವನ್ನಲ್ಲ. ಅಂದರೆ ಪ್ರತಿ ವರ್ಷ ಕರೆಂಟ್ ದರ ಏರುತ್ತೆ, ನಿಮ್ಮ ಉಳಿತಾಯವೂ ಏರುತ್ತೆ ಅಂತ ಬಣ್ಣದ ಗ್ರಾಫ್ ತೋರಿಸುತ್ತಾರಲ್ಲ, ಅದನ್ನು ನಂಬಿ ಲೆಕ್ಕ ಹಾಕಬೇಡಿ. ಇವತ್ತಿನ ದರದಲ್ಲೇ ಹಾಕಿ. ಅದರಲ್ಲೂ ಲಾಭ ಕಂಡರೆ ಹಾಕಿಸಿ.

ಸಾಲದ ವಿಷಯ. ಸೂರ್ಯ ಘರ್ ಯೋಜನೆಯಡಿ 3 ಕಿಲೋವಾಟ್‌ವರೆಗೆ ಅಡಮಾನ ಇಲ್ಲದೆ 2 ಲಕ್ಷದ ತನಕ ಬ್ಯಾಂಕ್ ಸಾಲ ಕೊಡುತ್ತಾರೆ, ಬಡ್ಡಿ ಶೇಕಡಾ 6ರ ಆಸುಪಾಸು. ಸಬ್ಸಿಡಿ ಕಳೆದು 1.2 ಲಕ್ಷ ಉಳಿಯಿತು ಅಂದರೆ ಹತ್ತು ವರ್ಷಕ್ಕೆ ತಿಂಗಳ ಕಂತು 1,330ರ ಸುಮಾರು. ಮೂರು ಕಿಲೋವಾಟ್ ಚೆನ್ನಾಗಿ ಬಳಸುವ ಮನೆಯ ಉಳಿತಾಯ ಎರಡು ಸಾವಿರ ಇರುತ್ತೆ. ನಡೆಯುತ್ತೆ. ಆದರೆ ಸಬ್ಸಿಡಿ ಮೊದಲೇ ಕೈಗೆ ಬರಲ್ಲ, ಪ್ಯಾನೆಲ್ ಹಾಕಿ, ನೆಟ್ ಮೀಟರ್ ಕೂರಿಸಿ, ಯೋಜನೆಯ ಪೋರ್ಟಲ್‌ನಲ್ಲಿ ಎಲ್ಲಾ ಮುಗಿದ ಮೇಲೆ ನಿಮ್ಮ ಖಾತೆಗೇ ಬರುತ್ತೆ. ಅಲ್ಲಿಯವರೆಗೆ ಪೂರ್ತಿ ಹಣ ನೀವೇ ಹೊಂದಿಸಬೇಕು. ಮತ್ತೆ, ಭಾರತದಲ್ಲೇ ತಯಾರಾದ ಸೆಲ್ ಇರುವ ಪ್ಯಾನೆಲ್‌ಗೆ ಮಾತ್ರ ಸಬ್ಸಿಡಿ. ಕೊಟೇಶನ್‌ನಲ್ಲಿ ಡಿಸಿಆರ್ ಅಂತ ಬರೆದಿರಬೇಕು. ತೀರಾ ಅಗ್ಗದ ಕೊಟೇಶನ್ ಕಂಡರೆ ಮೊದಲು ಅದನ್ನೇ ಹುಡುಕಿ.

ಫಿಕ್ಸೆಡ್ ಡೆಪಾಸಿಟ್ ಇಟ್ಟರೆ ಆಗಲ್ವಾ ಅಂತ ಒಬ್ಬ ನಿವೃತ್ತ ಮೇಷ್ಟ್ರು ಕೇಳಿದರು. 1.2 ಲಕ್ಷಕ್ಕೆ ವರ್ಷಕ್ಕೆ ಎಂಟು ಸಾವಿರ ಬಡ್ಡಿ ಬಂದೀತು, ಅಸಲು ಹಾಗೇ ಇರುತ್ತೆ. ಸೋಲಾರ್ ವರ್ಷಕ್ಕೆ 22, 24 ಸಾವಿರ ಉಳಿಸುತ್ತೆ, ಆದರೆ ಅಸಲು ಮಾಳಿಗೆ ಮೇಲೆ ಕರಗುತ್ತಾ ಹೋಗುತ್ತೆ. ಪ್ಯಾನೆಲ್ 25 ವರ್ಷ ಬಾಳಿಕೆ ಬರುತ್ತೆ, ವರ್ಷಕ್ಕೆ ಅರ್ಧ ಪರ್ಸೆಂಟ್‌ನಷ್ಟು ಸೊರಗುತ್ತೆ. ಇನ್ವರ್ಟರ್ ಅಷ್ಟು ಬಾಳಲ್ಲ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬದಲಾಯಿಸುವ ಖರ್ಚು ಸೇರಿಸಿಕೊಳ್ಳಿ. ಅಷ್ಟಾದರೂ ಬಿಲ್ ದೊಡ್ಡದಿದ್ದವರಿಗೆ ಸೋಲಾರೇ ಮುಂದೆ. ವಯಸ್ಸು ಎಪ್ಪತ್ತೈದು ದಾಟಿ, ಮಕ್ಕಳೆಲ್ಲ ಬೆಂಗಳೂರು, ಪುಣೆ ಸೇರಿ, ಗಂಡ ಹೆಂಡತಿ ಇಬ್ಬರೇ ಇದ್ದೀರಿ ಅಂದರೆ ಡೆಪಾಸಿಟ್ಟೇ ಸಾಕು. ಮೇಷ್ಟ್ರು ನಕ್ಕರು.

ಕರೆಂಟ್ ಹೋದಾಗ ಏನು? ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಹಾಕಿಸಿದ ಮೇಲೆ ಬೈದುಕೊಳ್ಳೋದು ಇದಕ್ಕೇ. ನೆಟ್ ಮೀಟರಿನ ಸಾಮಾನ್ಯ ಸೋಲಾರ್, ಜೆಸ್ಕಾಂ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತೆ. ನೆತ್ತಿ ಮೇಲೆ ಸೂರ್ಯ ಉರಿಯುತ್ತಿದ್ದರೂ ಮನೆಯಲ್ಲಿ ಫ್ಯಾನ್ ನಿಲ್ಲುತ್ತೆ. ಅದು ದೋಷ ಅಲ್ಲ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆ ಕರೆಂಟ್ ಹೊಡೆಯಬಾರದು ಅಂತ ಮಾಡಿದ ವ್ಯವಸ್ಥೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಬೇಕು, ಅದರ ಬೆಲೆ ಬೇರೆ, ಮೇಲೆ ಹೇಳಿದ ನಾಲ್ಕು ವರ್ಷದ ಲೆಕ್ಕ ಅಲ್ಲಿ ನಡೆಯಲ್ಲ. ಈಗಾಗಲೇ ಮನೆಯಲ್ಲಿರುವ ಯುಪಿಎಸ್ ಇಟ್ಟುಕೊಂಡೇ ಇರಿ.

ನಮ್ಮ ಬಿಸಿಲಿನ ಬಗ್ಗೆ ಒಂದು ಸಂಗತಿ ಬಹಳ ಜನಕ್ಕೆ ಆಶ್ಚರ್ಯ. ಪ್ಯಾನೆಲ್‌ಗೆ ಬೇಕಿರೋದು ಬೆಳಕು, ಝಳ ಅಲ್ಲ. ಪ್ಯಾನೆಲ್ ಮೇಲೆ ಬರೆದ ವಾಟ್ 25 ಡಿಗ್ರಿಗೆ ಅಳೆದದ್ದು. ಅದಕ್ಕಿಂತ ಒಂದೊಂದು ಡಿಗ್ರಿ ಕಾದಂತೆ 0.3ರಿಂದ 0.4 ಪರ್ಸೆಂಟ್ ಇಳಿಯುತ್ತೆ. ಮೇ ತಿಂಗಳ ಮಧ್ಯಾಹ್ನ ಗಾಳಿ 43 ಡಿಗ್ರಿ ಇದ್ದಾಗ ಪ್ಯಾನೆಲ್ ಸಲೀಸಾಗಿ 65 ಮುಟ್ಟುತ್ತೆ, 12ರಿಂದ 16 ಪರ್ಸೆಂಟ್ ಅಲ್ಲೇ ಹೋಯಿತು. ಪ್ಯಾನೆಲ್ ಮತ್ತು ಛತ್ತಿನ ನಡುವೆ ಗಾಳಿ ಆಡುವಷ್ಟು ಜಾಗ ಬಿಡಿಸಿ.

ಇನ್ನು ಧೂಳು. ದೀಪಾವಳಿ ಆದ ಮೇಲೆ ಮಳೆ ಮುಖ ತೋರಿಸೋದು ಅಪರೂಪ, ತೊಗರಿ ರಾಶಿ ಶುರುವಾಯಿತು ಅಂದರೆ ಊರಿಗೇ ಧೂಳು, ದಾಲ್ ಮಿಲ್ ಹತ್ತಿರದವರಿಗೆ ಇನ್ನೂ ಹೆಚ್ಚು. ಬೆರಳಲ್ಲಿ ಹೆಸರು ಬರೆಯುವಷ್ಟು ಕೂತಿರುತ್ತೆ. ತೊಳೆಯಲೇಬೇಕು, ಆದರೆ ಬೋರ್ ನೀರಲ್ಲಿ ತೊಳೆದು ಹಾಗೇ ಬಿಟ್ಟರೆ ನೀರು ಆರಿದಲ್ಲೆಲ್ಲ ಬಿಳಿ ಉಂಗುರ ಬೀಳುತ್ತೆ. ನಮ್ಮ ನೆಲದ ಗಡಸು ನೀರು, ಚಹಾ ಪಾತ್ರೆಯ ತಳಕ್ಕೆ ಏನು ಮಾಡುತ್ತೋ ಗಾಜಿಗೂ ಅದನ್ನೇ ಮಾಡುತ್ತೆ. ಒಂದರ ಮೇಲೊಂದು ಉಂಗುರ ಕೂತು ಗಟ್ಟಿಯಾದರೆ ಉಜ್ಜಿದರೂ ಹೋಗಲ್ಲ. ನಲ್ಲಿ ನೀರು ಬಂದ ದಿನ ತೊಳೆಯಿರಿ, ಇಲ್ಲಾ ತೊಳೆದ ಕೂಡಲೇ ವೈಪರ್ ಎಳೆಯಿರಿ. ಸೂರ್ಯ ಹುಟ್ಟುವ ಮುಂಚೆ ಮಾಡಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಸೀಳು ಬಿಡಬಹುದು.

ನೆರಳನ್ನು ಯಾರೂ ಗಂಭೀರವಾಗಿ ತಗೊಳ್ಳಲ್ಲ. ನಮ್ಮ ಬೀದಿಯಲ್ಲೇ ಒಬ್ಬರ ಮನೆಯಲ್ಲಿ ಆರು ಪ್ಯಾನೆಲ್ ಹಾಕಿದ್ದಾರೆ, ಪಶ್ಚಿಮಕ್ಕೆ ಕಪ್ಪು ಸಿಂಟೆಕ್ಸ್. ಮೂರು ಗಂಟೆ ಆಯಿತು ಅಂದರೆ ಟ್ಯಾಂಕಿನ ನೆರಳು ಮೆಲ್ಲಗೆ ತುದಿಯ ಪ್ಯಾನೆಲ್ ಮೇಲೆ ಏರುತ್ತೆ. ಒಂದರ ಕಾಲು ಭಾಗ ಮುಚ್ಚಿದರೂ ಮೊಬೈಲ್ ಆ್ಯಪ್‌ನಲ್ಲಿ ಗೆರೆ ಸರ್ರನೆ ಕೆಳಗಿಳಿಯೋದು ಕಾಣುತ್ತೆ, ಯಾಕೆಂದರೆ ಆರೂ ಒಂದೇ ಸಾಲಲ್ಲಿ ಜೋಡಿಸಿವೆ, ಒಂದು ಸೋತರೆ ಉಳಿದವನ್ನೂ ಎಳೆಯುತ್ತೆ. ಹಾಕುವ ದಿನ ಟ್ಯಾಂಕ್ ನಾಲ್ಕು ಅಡಿ ಸರಿಸಿದ್ದರೆ ಮುಗಿಯುತ್ತಿತ್ತು. ಪಕ್ಕದವರು ಮುಂದೆ ಮೇಲಂತಸ್ತು ಏರಿಸುವ ಹಾಗಿದ್ದಾರಾ ಅನ್ನೋದನ್ನೂ ಕೇಳಿಕೊಳ್ಳಿ.

"ಅಂಗಡಿಗೆ ಹಾಕಿಸ್ಬಹುದಾ?" ಗಂಜ್‌ನಲ್ಲಿ ವ್ಯಾಪಾರ ಮಾಡುವ ಒಬ್ಬರ ಪ್ರಶ್ನೆ. ಹಾಕಿಸಬಹುದು. ಅಂಗಡಿಗೆ ಈ ಸಬ್ಸಿಡಿ ಇಲ್ಲ, ಆದರೆ ನೀವು ಕಟ್ಟುವ ದರ ಮನೆಗಿಂತ ಜಾಸ್ತಿ, ಖರ್ಚೂ ಹಗಲಲ್ಲೇ. ಬಿಲ್ ತನ್ನಿ, ಕೂತು ಲೆಕ್ಕ ಹಾಕೋಣ.

ಕೊನೆಗೆ ಒಬ್ಬ ಅಜ್ಜಿ ಕೇಳಿದ್ದು: "ಮಾಳಿಗಿ ತುಂಬಾ ಪ್ಯಾನೆಲ್ ಹಾಕಿದ್ರ ಸಂಡಿಗಿ ಎಲ್ಲಿ ಒಣಗಿಸ್ಬೇಕು, ಬ್ಯಾಸಗ್ಯಾಗ ಎಲ್ಲಿ ಮಲಗ್ಬೇಕು?" ಎಲ್ಲರೂ ನಕ್ಕರು, ಆದರೆ ಇದೂ ಲೆಕ್ಕದ ಪ್ರಶ್ನೆಯೇ. ಮೂರು ಕಿಲೋವಾಟ್‌ಗೆ 300 ಚದರ ಅಡಿ ಹಿಡಿಯುತ್ತೆ. ಏಳೆಂಟು ಅಡಿ ಎತ್ತರದ ಕಬ್ಬಿಣದ ಚೌಕಟ್ಟು ಕಟ್ಟಿಸಿದರೆ ಕೆಳಗೆ ಮಲಗಬಹುದು, ಕೆಳಗಿನ ಕೋಣೆಯೂ ಕಡಿಮೆ ಕಾಯುತ್ತೆ. ಆದರೆ ಚೌಕಟ್ಟಿಗೆ ಮೇಲೆ ಖರ್ಚು, ಮೇ ತಿಂಗಳ ಬಿರುಗಾಳಿಗೆ ಅದು ಹೆಚ್ಚು ಸಿಕ್ಕುತ್ತೆ, ಹಾಗಾಗಿ ಕಾಲುಗಳು ಗಟ್ಟಿ ಇರಬೇಕು. ಹಳೇ ಮನೆ, ಶಹಾಬಾದ್ ಫರ್ಸಿಯ, ಅಂದರೆ ಕಲ್ಲು ಚಪ್ಪಡಿಯ, ಛತ್ತು ಆದರೆ ತೂತು ಕೊರೆಯಲು ಬಿಡಬೇಡಿ, ಕಾಂಕ್ರೀಟ್ ದಿಮ್ಮಿ ಇಟ್ಟು ಅದಕ್ಕೆ ಬಿಗಿಯಲಿ, ಅಷ್ಟು ತೂಕ ಛತ್ತು ತಡೆಯುತ್ತಾ ಅಂತ ಮೊದಲು ಮೇಸ್ತ್ರಿಗೆ ತೋರಿಸಿ. ಆರ್‌ಸಿಸಿ ಆದರೆ ಕೊರೆಯಬಹುದು. ಕೊರೆದ ಜಾಗ ಮಳೆಗಾಲದಲ್ಲಿ ಸೋರಿದರೆ ಯಾರು ಬಂದು ಸರಿ ಮಾಡುತ್ತಾರೆ, ಎಷ್ಟು ವರ್ಷ, ಅದನ್ನು ಮುಂಗಡ ಕೊಡುವ ಮುಂಚೆಯೇ ಕೊಟೇಶನ್ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.